ಹೆಬ್ಬಾಗಿಲ ಒಳಗಿನ ತಗ್ಗು

ಸಮನೆಲದ ಮೇಲೆ ನಡೆಯುವಾಗ ಮನುಷ್ಯರೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕಾಣುತ್ತಾರೆ. ಅವರ ದಾರಿಯಲ್ಲಿ ಒಂದು ತಗ್ಗನ್ನಿಟ್ಟು ನೋಡಿ. ಒಬ್ಬೊಬ್ಬರ ಸ್ವಭಾವವೂ ಕಾಲಿನ ಮೂಲಕ ಹೊರಬೀಳುತ್ತದೆ. ಇದನ್ನು ನಾನು ಯಾವ ಶಾಸ್ತ್ರಗ್ರಂಥದಿಂದಲೂ ಕಲಿತದ್ದಲ್ಲ. ಈಗ್ಗೆ ಕೆಲವು ವರ್ಷಗಳ ಹಿಂದೆ ಕಲಬುರಗಿಯ ಗಾಜಿಪುರದ ನಮ್ಮ ಮನೆಯ ಹೆಬ್ಬಾಗಿಲ ಒಳಗೆ, ಹಾಸುಗಲ್ಲಿನ ದಾರಿ ಆರಂಭವಾಗುವಲ್ಲೇ, ಒಂದು ತಗ್ಗು ಬಿದ್ದಿತ್ತು. ಕಟ್ಟೆಯ ಮೇಲೆ ಕುಳಿತು ಶಾಲೆಯ ಮಕ್ಕಳ ಲೆಕ್ಕ ತಿದ್ದುವ ನೆಪದಲ್ಲಿ ನಾನು ಆ ತಗ್ಗನ್ನು ದಾಟುವವರ ಅಧ್ಯಯನ ನಡೆಸುತ್ತಿದ್ದೆ. ನಮ್ಮ ಓಣಿಯ ವಕೀಲರು ಅದರ ಅಂಚಿನ ಸುತ್ತ ಪ್ರದಕ್ಷಿಣೆ ಹಾಕಿ, ಎಲ್ಲಿಯೂ ಸಿಕ್ಕಿಬೀಳದೆ ಈಚೆ ಬರುತ್ತಿದ್ದರು. ನಮ್ಮ ಹೆಡ್‌ಮಾಸ್ತರರು ಅದರ ಮುಂದೆ ನಿಂತು, ತಾವು ಬಂದದ್ದನ್ನು ನೋಡಿಯೂ ಅದು ಎದ್ದು ನಿಲ್ಲಲಿಲ್ಲವಲ್ಲ ಎಂಬಂತೆ ಒಂದು ಕ್ಷಣ ದುರುಗುಟ್ಟಿ ನೋಡುತ್ತಿದ್ದರು. ಹಾಲಿನವಳು ತಂಬಿಗೆಯ ಸಮೇತ ಹಾರಿಬಿಡುತ್ತಿದ್ದಳು. ಆ ತಗ್ಗಿನ ಉದ್ದ, ಅಗಲ, ಆಳ, ಋತುಮಾನಕ್ಕೆ ತಕ್ಕ ನೀರಿನ ಮಟ್ಟ, ಎಲ್ಲವನ್ನೂ ಬಲ್ಲ ನಾನೊಬ್ಬನೇ ದಿನವೂ ತಪ್ಪದೆ ಅದರಲ್ಲಿ ಕಾಲಿಟ್ಟು ಧೋತರದ ಅಂಚು ತೋಯಿಸಿಕೊಂಡು ಶಾಲೆಗೆ ಹೋಗುತ್ತಿದ್ದೆ.

ನಮ್ಮ ಮನೆ ದೊಡ್ಡದಲ್ಲ. ಹೆಬ್ಬಾಗಿಲು ಮಾತ್ರ ದೊಡ್ಡದು. ನನ್ನ ಅಜ್ಜ ಒಂದು ಕಾಲಕ್ಕೆ ದಮಣಿ ಇಟ್ಟಿದ್ದವರು. ದಮಣಿ ಎಂದರೆ ಕಮಾನಿನ ಹೊದಿಕೆಯ ಸವಾರಿ ಬಂಡಿ. ಅದು ಗಾಂಭೀರ್ಯದಿಂದ ಒಳಗೆ ಬರಬೇಕೆಂದು ಅವರು ಆನೆ ಹಾಯುವಷ್ಟು ಎತ್ತರದ ಬಾಗಿಲು ಮಾಡಿಸಿ, ಅಲ್ಲಿಂದ ಮನೆಯ ಕಟ್ಟೆಯ ತನಕ ಶಹಾಬಾದಿನ ಕಲ್ಲನ್ನು ಚೌಕಚೌಕವಾಗಿ ಕಡಿಸಿ ಹಾಸಿದ್ದರು. ಎತ್ತುಗಳು ಹೋದವು, ದಮಣಿ ಹೋಯಿತು, ಅಜ್ಜನೂ ಹೋದರು. ಉಳಿದದ್ದು ಬಂಡಿ ಇದ್ದವರ ದಾರಿ ಮತ್ತು ಅದರ ಮೇಲೆ ಕಾಲ್ನಡಿಗೆಯಲ್ಲಿ ಓಡಾಡುವ ಮೊಮ್ಮಗ. ಆ ಮೊಮ್ಮಗನ ವಿದ್ಯೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಾನು ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿ ಪಾಸಾಗಿ, ಉರ್ದುವಿನಲ್ಲಿಯೇ ಗಣಿತ ಕಲಿಸುತ್ತಿದ್ದವನು. ನಿಜಾಮರ ಆಳ್ವಿಕೆ ಮುಗಿಸಿದ ಪೋಲೀಸ್ ಆಕ್ಷನ್ನಿನ ನಂತರ ಶಾಲೆ ಕನ್ನಡಕ್ಕೆ ತಿರುಗಿದಾಗ, ಹಿಂದಿನ ಸಂಜೆ ಕಲಿತ ಕನ್ನಡ ಪಾರಿಭಾಷಿಕ ಪದವನ್ನು ಮರುದಿನ ಬೆಳಿಗ್ಗೆ ಜನ್ಮದಿಂದಲೂ ಬಲ್ಲವನ ಹಾಗೆ ಹಲಗೆಯ ಮೇಲೆ ಬರೆಯುತ್ತಿದ್ದೆ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ನಮ್ಮೂರ ಕರಿಮಣ್ಣಿನ ಮೇಲೆ ನಿಂತವರಿಗೆ ಇಂಥ ಸ್ಥಿತ್ಯಂತರಗಳು ಅಷ್ಟೇನೂ ಹೊಸವಲ್ಲ.

ಆದರೆ ನಮ್ಮ ತಗ್ಗಿಗೆ ಮಣ್ಣೊಂದೇ ಕಾರಣವಾಗಿರಲಿಲ್ಲ. ಗದ್ದಲದ ವರ್ಷದಲ್ಲಿ, ಅಂದರೆ ಪೋಲೀಸ್ ಆಕ್ಷನ್ನಿಗೆ ಮುಂಚಿನ ಆ ಕೆಟ್ಟ ತಿಂಗಳುಗಳಲ್ಲಿ, ನನ್ನ ದೊಡ್ಡವ್ವ ಕಮಲಾಪುರದಿಂದ ನಮ್ಮ ಮನೆಗೆ ಬಂದಳು. ಆಕೆ ನನ್ನ ದೊಡ್ಡಪ್ಪನ ಹೆಂಡತಿ. ಗಂಡ ತೀರಿದ ಮೇಲೆ ಕಮಲಾಪುರದ ಮನೆಯಲ್ಲಿ ಒಬ್ಬಳೇ ಗಟ್ಟಿಯಾಗಿ ಇದ್ದವಳು. ಒಬ್ಬಳೇ ಮಗಳು ಕಸ್ತೂರಿಯನ್ನು ಅದೇ ಊರಿನ ಬಾಳೆತೋಟದ ಶಿವರಾಯನಿಗೆ ಕೊಟ್ಟಿದ್ದಳು. ಊರಿನಲ್ಲಿ ಯಾರೋ ಯಾರದೋ ಬಾಗಿಲು ಬಡಿದರು, ಕೆಲವು ಬಾಗಿಲು ಮುರಿದವು. ಕಸ್ತೂರಿ ಗಂಡನ ಮನೆಯವರ ಜೊತೆ ಬೇರೆ ಊರಿಗೆ ಹೋದಳು. ದೊಡ್ಡವ್ವ ಮನೆಗೆ ಕೀಲಿ ಹಾಕಿ ಒಂದು ಬಂಡಿಯ ಹುಲ್ಲಿನಡಿ ಕುಳಿತು ಕಲಬುರಗಿ ಸೇರಿದಳು. ತಾನು ಏನು ಕಂಡೆ, ಏನು ಕೇಳಿದೆ ಎಂದು ಆಕೆ ಹೇಳಲಿಲ್ಲ. ನಮಗೂ ಕೇಳುವ ಧೈರ್ಯವಾಗಲಿಲ್ಲ.

ಬಂದ ದಿನವೇ ಆಕೆ ಹೆಬ್ಬಾಗಿಲನ್ನು ವಶಕ್ಕೆ ತೆಗೆದುಕೊಂಡಳು. ಅಗಳಿ ಹಾಕಿದ್ದು ಸಾಲದೆಂದು ಬಾಗಿಲಿನ ಹಿಂದೆ ಭಾರ ಒಟ್ಟಿಸತೊಡಗಿದಳು. ಮೊದಲು ಬೀಸುವ ಕಲ್ಲು, ಆಮೇಲೆ ಒಳಕಲ್ಲು, ಆಮೇಲೆ ಜೋಳದ ಚೀಲಗಳು, ದಮಣಿಯ ಉಳಿದ ಒಂದು ಗಾಲಿ, ಕಡೆಗೆ ನನ್ನ ಗಣಿತದ ಪುಸ್ತಕಗಳನ್ನು ತುಂಬಿದ ಕಬ್ಬಿಣದ ಟ್ರಂಕು. ನನ್ನ ಪಾಂಡಿತ್ಯಕ್ಕೆ ಇಷ್ಟು ತೂಕವಿದೆಯೆಂದು ಮೊದಲ ಬಾರಿಗೆ ಗುರುತಿಸಿದವಳು ದೊಡ್ಡವ್ವ. ಆ ಮಳೆಗಾಲವಿಡೀ ಈ ಗುಡ್ಡೆ ಅಲ್ಲೇ ಇತ್ತು, ನಾವು ಹಿತ್ತಲ ಬಾಗಿಲಿನಿಂದ ಓಡಾಡಿದೆವು. ಹರಿದುಹೋಗಬೇಕಾದ ನೀರು ಗುಡ್ಡೆ ಅಡ್ಡಗಟ್ಟಿದ್ದರಿಂದ ಅಲ್ಲೇ ನಿಂತಿತು, ಕಲ್ಲಿನಡಿಯ ಕರಿಮಣ್ಣು ನೆನೆದು ಮೆತ್ತಗಾಯಿತು, ಭಾರಕ್ಕೆ ಹಾಸುಗಲ್ಲುಗಳು ಒಂದೊಂದಾಗಿ ಕೆಳಗಿಳಿದವು. ಭಾದ್ರಪದದಲ್ಲಿ ಪೋಲೀಸ್ ಆಕ್ಷನ್ ಆಗಿ, ಊರು ನಿಧಾನವಾಗಿ ಉಸಿರಾಡತೊಡಗಿ, ನಾವು ಗುಡ್ಡೆಯನ್ನು ತೆರವು ಮಾಡಿದಾಗ ಅದರಡಿಯಲ್ಲಿ ತಗ್ಗು ಬಿದ್ದಿರುವುದು ಕಂಡಿತು. ನಮ್ಮ ಹೆದರಿಕೆಯ ತೂಕ ಎಷ್ಟಿತ್ತೆಂಬುದಕ್ಕೆ ಅಷ್ಟು ಸಾಕ್ಷಿ ಸಾಕಾಗಿತ್ತು.

ಗುಡ್ಡೆ ಹೋದರೂ ಬಾಗಿಲು ತೆರೆಯಲಿಲ್ಲ. ಹೆಬ್ಬಾಗಿಲ ಮೈಯೊಳಗೆ ಒಬ್ಬರು ಬಗ್ಗಿ ಬರುವಷ್ಟು ಸಣ್ಣದೊಂದು ದಿಂಡಿಬಾಗಿಲಿದೆ. ನಮ್ಮ ಸಂಸಾರವೆಲ್ಲ ಅದರಲ್ಲೇ ನಡೆಯಿತು. ಕಸ್ತೂರಿಯ ಮನೆಯವರು ಕಮಲಾಪುರಕ್ಕೆ ಮರಳಿದರು. ಊರು ಬಿಟ್ಟ ಎಷ್ಟೋ ಜನ ಮರಳಿದರು. ದೊಡ್ಡವ್ವ ಮಾತ್ರ ಮರಳಲಿಲ್ಲ; ಮರಳುವುದಿರಲಿ, ದಿಂಡಿಬಾಗಿಲಿನಾಚೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಗುಡಿಗೆ ಕರೆದರೆ ಮೊಣಕಾಲು ನೋವು, ಪೇಟೆಗೆ ಕರೆದರೆ ಬಿಸಿಲು. ಮನೆಯೊಳಗೆ ಆಕೆಯ ಮೊಣಕಾಲುಗಳು ಅಟ್ಟ ಹತ್ತಿ ಇಳಿಯುವುದನ್ನು ನಾವು ದಿನವೂ ನೋಡುತ್ತಿದ್ದೆವು.

ಹೀಗಿರುವಾಗ ಕಸ್ತೂರಿಗೆ ಏಳು ತಿಂಗಳು ತುಂಬುತ್ತ ಬಂದಿರುವ ಸುದ್ದಿ ಬಂತು. ಮೊದಲ ಹೆರಿಗೆ. ಕುಬಸವೆಂಬ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಮಗಳನ್ನು ತವರಿಗೆ ಕರೆತರುವುದು ನಮ್ಮಲ್ಲಿಯ ವಾಡಿಕೆ. ದೊಡ್ಡವ್ವ ಕೂಡಲೇ ಬಾಣಂತಿಕೋಣೆಗೆ ಸುಣ್ಣ ಹೊಡೆಸಿದಳು. ಶಿವರಾಯ ಕೆಂಪು ಬಾಳೆಹಣ್ಣಿನ ಗೊನೆ ಹೊತ್ತುಕೊಂಡು ಬಂದು, ತಗ್ಗು ದಾಟಿ, ಕಟ್ಟೆಯ ಮೇಲೆ ಕುಳಿತು, ಹೆಂಡತಿಯ ಮಾತನ್ನು ಅಂಜುತ್ತಂಜುತ್ತ ಒಪ್ಪಿಸಿದ.

“ಅತ್ತಿ, ಆಕಿ ಬರಂಗಿಲ್ಲ ಅಂತಾಳ್ರಿ. ನಾ ಹಡಿಯೋದು ನಮ್ಮವ್ವನ ಮನ್ಯಾಗ, ನಮ್ಮವ್ವನ ಮನಿ ಕಮಲಾಪುರದಾಗ ಅದ, ಅಣ್ಣನ ಮನಿ ಅವ್ವನ ಮನಿ ಹ್ಯಾಂಗಾಗ್ತದ ಅಂತಾಳ. ನೀವೇ ಬಂದು ಕೀಲಿ ತಗೀಬೇಕಂತ.”

ದೊಡ್ಡವ್ವ ಬಾಳೆಗೊನೆಯನ್ನು ಎಳೆದು ಬದಿಗಿಟ್ಟಳು. “ಆಕಿಗೇನು ಗೊತ್ತು, ಹುಚ್ಚಿ,” ಅಂದಳು. “ಆಕಿ ಬರವಲ್ಲಳು ಅಂದ್ರ ಯಾಕ ಅಂತ ನನಗ ಗೊತ್ತದ. ಗಾಡಿ ಕಟ್ಟಿ ತನಕ ಬರಂಗಿಲ್ಲ, ಬಸುರಿ ಹೆಂಗಸು ಈ ತಗ್ಗು ಹ್ಯಾಂಗ ದಾಟಬೇಕು? ತಮ್ಮಾ, ನೀ ಮೊದ್ಲ ಹಾದಿ ಸಮ ಮಾಡಿಸು. ಗಾಡಿ ಸೀದಾ ಒಳಗ ಬರ್ಲಿ. ಆಮ್ಯಾಲ ನೋಡು, ನನ್ನ ಮಗಳು ಬರ್ತಾಳೋ ಇಲ್ಲೋ.”

ತಾಯಿ ಮಗಳ ನಡುವೆ ಇದ್ದದ್ದು ಕಮಲಾಪುರದ ತನಕದ ರಸ್ತೆಯಲ್ಲ, ಒಂದು ಹೊಸಿಲು ಎಂಬುದು ನಮಗೆಲ್ಲ ಗೊತ್ತಿತ್ತು. ಶಿವರಾಯನಿಗೆ ತಾಯಿ ಇಲ್ಲ. ದೊಡ್ಡವ್ವ ಹೋಗದಿದ್ದರೆ, ಕಸ್ತೂರಿ ಬಾರದಿದ್ದರೆ, ಆ ಹುಡುಗಿ ಚೊಚ್ಚಲ ಹೆರಿಗೆಯನ್ನು ಮನೆಯಲ್ಲಿ ಒಬ್ಬ ಹಿರಿಯ ಹೆಂಗಸೂ ಇಲ್ಲದೆ ಎದುರಿಸಬೇಕಾಗಿತ್ತು. ಇದನ್ನು ನೆನೆದು ನನ್ನ ಹೆಂಡತಿ ಮಹಾನಂದಾ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ನನಗೂ ಸಂಕಟವಾಯಿತು. ಆದರೆ ಮಾಸ್ತರನಾದವನು ಸಂಕಟವಾದಾಗ ಕ್ರಿಯಾಶೀಲನಾಗುತ್ತಾನೆ, ಕ್ರಿಯೆ ಯಾವುದೆಂದು ವಿಚಾರಿಸುವುದಿಲ್ಲ. ಮರುದಿನ ರಜೆ ಹಾಕಿ ನಾನೇ ಹಾಸುಗಲ್ಲಿನ ಜೀರ್ಣೋದ್ಧಾರಕ್ಕೆ ನಿಂತೆ.

ನನ್ನ ವಿಧಾನ ಸರಳವೂ ತರ್ಕಶುದ್ಧವೂ ಆಗಿತ್ತು. ನೆಲ ಎಷ್ಟು ಇಳಿದಿದೆಯೋ ಅಷ್ಟು ಮಣ್ಣು ತುಂಬಿದರೆ ನೆಲ ಮೊದಲಿನಂತಾಗಬೇಕು. ವ್ಯವಕಲನಕ್ಕೆ ಸಂಕಲನವೇ ಮದ್ದು. ಕಲ್ಲುಗಳನ್ನು ಎತ್ತಿ ಗೋಡೆಗೆ ಆನಿಸಿದೆ, ಹಿತ್ತಲಿನ ಮಣ್ಣು ಅಗೆದು ತುಂಬಿದೆ, ಕಾಲಿನಿಂದ ತಟ್ಟಿದೆ, ಕಲ್ಲುಗಳನ್ನು ಮೊದಲಿನ ಸ್ಥಾನಗಳಲ್ಲಿ ಪ್ರತಿಷ್ಠಾಪಿಸಿದೆ. ಸಂಜೆಯ ಹೊತ್ತಿಗೆ ಹಾಸು ಕನ್ನಡಿಯಂತೆ ಸಮವಾಗಿತ್ತು, ನನ್ನ ಬೆನ್ನು ಮಾತ್ರ ಡೊಂಕಾಗಿತ್ತು. ಬಂದವರಿಗೆಲ್ಲ ತೋರಿಸಿದೆ. ವಕೀಲರು ಹಳೆಯ ಅಭ್ಯಾಸದಿಂದ ಆಗಲೂ ಸುತ್ತು ಹಾಕಿಯೇ ಬಂದರು, ಅವರ ಕಾನೂನುಪ್ರಜ್ಞೆ ದೊಡ್ಡದು. ಆ ವಾರವೇ ಒಂದು ಮಳೆ ಬಂತು. ಕರಿಮಣ್ಣು ಉಬ್ಬಿತು, ಬಿಸಿಲಿಗೆ ಕುಗ್ಗಿತು, ಕಲ್ಲುಗಳು ಒಂದೊಂದು ದಿಕ್ಕಿಗೆ ಒಂದೊಂದು ಮೂಲೆ ಎತ್ತಿ ನಿಂತವು. ಹಿಂದೆ ನಮ್ಮ ಬಾಗಿಲಲ್ಲಿ ಒಂದು ತಗ್ಗಿತ್ತು. ನನ್ನ ಗಣಿತದಿಂದಾಗಿ ಈಗ ಅನೇಕ ತಗ್ಗುಗಳಾದವು.

ಆಮೇಲೆ ಗೌಂಡಿ ಇಮಾಮಸಾಬನನ್ನು ಕರೆಸಿದೆವು. ಈತ ಕಲ್ಲಿನ ಕೆಲಸದಷ್ಟೇ ಮಾತಿನ ಕೆಲಸದಲ್ಲೂ ಪಳಗಿದವನು. ಕಲಬುರಗಿಯ ಯಾವ ಹಳೆಯ ಕಟ್ಟಡದ ಹೆಸರೆತ್ತಿದರೂ ಅದನ್ನು ತನ್ನ ಮುತ್ತಜ್ಜನೇ ಕಟ್ಟಿದ್ದೆಂದು ಹೇಳುತ್ತಿದ್ದ. ಆ ಮುತ್ತಜ್ಜನ ಆಯುಸ್ಸು ಎಷ್ಟು ಶತಮಾನಗಳಿದ್ದಿರಬೇಕೆಂದು ನಾನು ಒಮ್ಮೆ ಲೆಕ್ಕ ಹಾಕಲು ಹೊರಟು ಸೌಜನ್ಯದಿಂದ ಕೈಬಿಟ್ಟೆ. ಆತ ನನ್ನ ಕರಕೌಶಲವನ್ನು ಬಹಳ ಹೊತ್ತು ನೋಡಿ, “ಯಾವ ಬೇವಕೂಫ ಮಾಡ್ಯಾನ್ರಿ ಮಾಸ್ತರ ಇದು?” ಅಂದ. ಯಾರೋ ಹೊರಗಿನವನೆಂದು ನಾನು ಹೇಳಿದೆ. ಮಹಾನಂದಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ನಡೆದಳು.

ಇಮಾಮಸಾಬನ ತೀರ್ಪು ಹೀಗಿತ್ತು: ಕರಿಮಣ್ಣನ್ನು ಪೂರ್ತಿ ತೆಗೆದು ಹೊರಗೆ ಹಾಕಬೇಕು, ಅಲ್ಲಿ ಗರಸು ತುಂಬಬೇಕು, ಹಂತಹಂತವಾಗಿ ನೀರು ಹೊಡೆದು ಗಟ್ಟಿ ಮಾಡಬೇಕು, ನೀರು ನಿಲ್ಲದಂತೆ ಹೊರಕ್ಕೆ ಇಳುಕಲು ಕೊಡಬೇಕು, ಆಮೇಲೆ ಕಲ್ಲು. ಗರಸೆಂದರೆ ಮಣ್ಣೂ ಅಲ್ಲದ ಕಲ್ಲೂ ಅಲ್ಲದ ಕೆಂಪು ಹರಳು. ಅದು ಹತ್ತಿರದಲ್ಲಿಯೇ ಎಲ್ಲಾದರೂ ಸಿಗುತ್ತಿತ್ತು. ಆದರೆ ಗರಸು ಎಂಬ ಶಬ್ದ ಕಿವಿಗೆ ಬಿದ್ದದ್ದೇ ದೊಡ್ಡವ್ವ ಒಳಗಿನಿಂದ ಎದ್ದು ಬಂದಳು. “ಗರಸು ಅಂದ್ರ ನಮ್ಮ ಕಮಲಾಪುರದ್ದು. ಉಳದದ್ದೆಲ್ಲ ಧೂಳು,” ಅಂದಳು. ಊರಿಗೆ ಹೋಗಲು ಒಲ್ಲದವಳು ಊರಿನ ಮಣ್ಣಿಗೆ ಹಟ ಹಿಡಿದದ್ದು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೇಳಿ ಕಳಿಸಿದ್ದಕ್ಕೆ ಶಿವರಾಯ ಕೂಡಲೇ ಒಪ್ಪಿಕೊಂಡ. ಹೀಗೆ ಕಮಲಾಪುರದಿಂದ ಕಲಬುರಗಿಯ ಪೇಟೆಗೆ ಕೆಂಪು ಬಾಳೆಹಣ್ಣು ತರುವ ಬಂಡಿಗಳಲ್ಲಿ, ಹಣ್ಣಿನ ಕೆಳಗೆ ಕೆಂಪು ಗರಸು ಬರತೊಡಗಿತು. ಕಮಲಾಪುರದ ದಾರಿಯಲ್ಲಿರುವ ಕಪನೂರಿನ ಕಡೆಯಿಂದ ಬಂಡಿ ಬಂತೆಂದು ಸುದ್ದಿ ಬಂದರೆ ದೊಡ್ಡವ್ವ ಕಟ್ಟೆಯ ತುದಿಯ ತನಕ ಬಂದು ನಿಲ್ಲುತ್ತಿದ್ದಳು. ಬಂದ ಗರಸನ್ನು ಮುಷ್ಟಿಯಲ್ಲಿ ಹಿಡಿದು, ಬೆರಳ ಸಂದಿಯಿಂದ ಸೋರಲು ಬಿಟ್ಟು, ಏನೋ ಗುರುತು ಸಿಕ್ಕವಳ ಹಾಗೆ ತಲೆದೂಗುತ್ತಿದ್ದಳು.

ಗರಸು ತುಂಬಿದ್ದಾಯಿತು. ಈಗ ಅದು ಗಟ್ಟಿಯಾಗಬೇಕು. ದಿಮ್ಮಸಿನಿಂದ ಬಡಿದರೆ ಮೇಲುಮೇಲೆ ಮಾತ್ರ ಬಿಗಿಯುತ್ತದೆ, ಒಳಗೆ ಪೊಳ್ಳು ಉಳಿಯುತ್ತದೆ ಎಂದು ಇಮಾಮಸಾಬ ಹೇಳಿದ. “ಜೀವದ ಕಾಲು ಬೇಕ್ರಿ ಮಾಸ್ತರ. ನೀರು ಬೀಳ್ತಾ ಇರಬೇಕು, ಕಾಲು ಆಡ್ತಾ ಇರಬೇಕು. ನಮ್ಮ ಮುತ್ತಜ್ಜ ಎಮ್ಮಿ ತುಳಸತಿದ್ದ.” ಎಲ್ಲಿ, ಯಾವ ಕಟ್ಟಡದಲ್ಲಿ ಎಂದು ನಾನು ಕೇಳಲಿಲ್ಲ. ಪಕ್ಕದ ಮನೆಯಿಂದ ಒಂದು ಎಮ್ಮೆಯನ್ನು ಎರವಲು ತಂದೆವು. ಅದು ದಿಂಡಿಬಾಗಿಲಲ್ಲಿ ಹಿಡಿಸುವಂತಿರಲಿಲ್ಲ. ಆ ಕಾರಣಕ್ಕೆ ದೊಡ್ಡವ್ವ ಮೊದಲ ಬಾರಿ ಹೆಬ್ಬಾಗಿಲಿನ ಒಂದು ಕದ ತೆಗೆಯಲು ಒಪ್ಪಿದಳು, ಎಮ್ಮೆ ಒಳಗಾದ ಕೂಡಲೇ ಮುಚ್ಚಬೇಕೆಂಬ ಕರಾರಿನ ಮೇಲೆ. ಎಮ್ಮೆ ಒಳಗಾಯಿತು. ನೀರು ಹೊಡೆದ ತಂಪು ಗರಸನ್ನು ಮೂಸಿತು. ಸುತ್ತ ನಿಂತ ನಮ್ಮನ್ನೆಲ್ಲ ಒಮ್ಮೆ ಕೃತಜ್ಞತೆಯಿಂದ ನೋಡಿತು. ಆಮೇಲೆ ಮುಂಗಾಲು ಮಡಿಚಿ ಅದರ ಮೇಲೆ ಮಲಗಿಬಿಟ್ಟಿತು. ಇಮಾಮಸಾಬ ಬೈದ, ನಾನು ಉರ್ದುವಿನಲ್ಲೂ ಕನ್ನಡದಲ್ಲೂ ಬೇಡಿಕೊಂಡೆ, ಯಾವ ಮಾಧ್ಯಮವೂ ಅದಕ್ಕೆ ತಾಗಲಿಲ್ಲ. ಸಂಜೆ ಮೇವಿನ ಹೊತ್ತಿಗೆ ತಾನಾಗಿ ಎದ್ದು ಹೋಯಿತು. ಗರಸಿನಲ್ಲಿ ಅದರ ಹೊಟ್ಟೆಯ ಆಕಾರದ ಹೊಸ ತಗ್ಗು ಬಿದ್ದಿತ್ತು.

ಆ ಸಂಜೆ ದಾರಿ ತೋರಿಸಿದವಳು ಮಹಾನಂದಾ. ನಮ್ಮ ಹಿತ್ತಲಿನ ಬಾಗಿಲು ತೆರೆದರೆ ಹಿಂದಿನ ಓಣಿ, ಆ ಓಣಿಯಲ್ಲಿ ಸಿಹಿನೀರಿನ ಬಾವಿ. ಮುಂದಿನ ಬೀದಿಯ ಹೆಣ್ಣುಮಕ್ಕಳು ಆ ಬಾವಿಗೆ ಬರಬೇಕಾದರೆ ನಮ್ಮ ಕಾಂಪೌಂಡಿನ ಗೋಡೆಯನ್ನು ಪೂರ್ತಿ ಬಳಸಿ ಬರಬೇಕು, ತುಂಬಿದ ಕೊಡ ಹೊತ್ತು ಮತ್ತೆ ಅಷ್ಟೇ ಬಳಸಿ ಹೋಗಬೇಕು. “ಹಿತ್ತಲಬಾಗಲಾ, ದೊಡ್ಡ ಬಾಗಲಾ ಎರಡೂ ತಗದು ಇಟ್ಟರ ಮುಗೀತಲ್ಲ,” ಅಂದಳು. “ನೀರೂ ತುಳಕತದ, ಕಾಲೂ ಬೀಳ್ತಾವ. ಎಮ್ಮಿ ಯಾಕ ಬೇಕು?”

ನಾನು ದೊಡ್ಡವ್ವನ ಮುಖ ನೋಡಿದೆ. ಅದು ಬೂದಿಬಣ್ಣಕ್ಕೆ ತಿರುಗಿತ್ತು. “ಎರಡೂ ಬಾಗಲಾ?” ಅಂದಳು. “ದಿನಾ ಪೂರ್ತಿ? ಯಾರ್ಯಾರು ಬರ್ತಾರೋ, ಎಂಥಾವ್ರು ಬರ್ತಾರೋ.”

“ಗರಸಿಗೆ ಎಲ್ಲಾರ ಕಾಲೂ ಬೇಕ್ರಿ ಅತ್ತಿ,” ಅಂದಳು ಮಹಾನಂದಾ. “ಹಾದಿ ಆಗದಿದ್ರ ಕಸ್ತೂರಿ ಗಾಡಿ ಹ್ಯಾಂಗ ಒಳಗ ಬರ್ತದ?”

ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದ ದೊಡ್ಡವ್ವ ಎದ್ದು ಒಳಗೆ ಹೋದಳು. ಆಕೆ ಒಪ್ಪಿದಳೆಂದು ತಿಳಿದುಕೊಳ್ಳುವ ಧೈರ್ಯವನ್ನು ಮಹಾನಂದಾ ಮಾಡಿದಳು. ಮರುದಿನ ಬೆಳಿಗ್ಗೆ ಎರಡೂ ಕದಗಳು ಗೋಡೆಗೆ ತಾಗುವಂತೆ ತೆರೆದು ನಿಂತವು. ಅಷ್ಟು ಬೆಳಕು ಒಮ್ಮೆಲೇ ಒಳಗೆ ಬಂದದ್ದಕ್ಕೆ ನಮ್ಮ ಪಡಸಾಲೆ ಯಾರದೋ ಮನೆಯ ಹಾಗೆ ಕಂಡಿತು.

ಮೊದಲ ದಿನ ಯಾರೂ ಬರಲಿಲ್ಲ. ತೆರೆದ ಬಾಗಿಲನ್ನು ಕಂಡು ಜನ ಒಳಗೆ ಏನೋ ಆಗಿರಬೇಕೆಂದು ಹೆದರಿ ದೂರದಿಂದಲೇ ಹೋದರು. ನಾನೇ ಬೀದಿಯಲ್ಲಿ ನಿಂತು, ಸರ್ಕಸ್ಸಿನ ಗುಡಾರದ ಮುಂದೆ ಕೂಗುವವನ ಹಾಗೆ, ಬರ್ರಿ ಬರ್ರಿ ಎಂದು ಕರೆಯಬೇಕಾಯಿತು. ಮರುದಿನ ಒಬ್ಬಿಬ್ಬರು ಬಂದರು, ಆಮೇಲೆ ಸಾಲಾಗಿ ಬಂದರು. ತಾಮ್ರದ ಕೊಡ, ಮಣ್ಣಿನ ಕೊಡ, ತಲೆಯ ಮೇಲೊಂದು, ಟೊಂಕದ ಮೇಲೊಂದು. ಹೋಗುವಾಗ ಹಗುರವಾದ ಹೆಜ್ಜೆ, ಬರುವಾಗ ಭಾರವಾದ ಹೆಜ್ಜೆ. ಅವರು ನಡೆದಷ್ಟೂ ನೀರು ತುಳುಕಿತು, ತುಳುಕಿದಷ್ಟೂ ಗರಸು ಕುಡಿಯಿತು. ಇಮಾಮಸಾಬ ಆಗಾಗ ಬಂದು, ತಗ್ಗಾದಲ್ಲಿ ಮತ್ತೊಂದು ಬುಟ್ಟಿ ಗರಸು ಸುರಿದು, ಇದು ತನ್ನ ಮುತ್ತಜ್ಜನ ಪದ್ಧತಿಯೇ ಎಂದು ಸಾರಿ ಹೋಗುತ್ತಿದ್ದ. ಯಾವ ಮನೆಯವರು ಯಾವ ಹಾದಿಯಲ್ಲಿ ನಡೆಯಬೇಕೆಂಬ ಅಳತೆ ನಮ್ಮಂಥ ಓಣಿಗಳಲ್ಲಿ ಎಷ್ಟು ಕರಾರುವಾಕ್ಕಾಗಿರುತ್ತದೆಂದು ಬಲ್ಲವರಿಗೆ, ಅದು ನಮ್ಮ ಮನೆಯೊಳಗೆ ಗರಸಿನ ನೆಪದಲ್ಲಿ ಕಲಸಿಹೋದದ್ದು ಎಷ್ಟು ದೊಡ್ಡ ಮಾತೆಂದು ತಿಳಿದೀತು.

ದೊಡ್ಡವ್ವ ಮೊದಲು ಕಿಟಕಿಯಿಂದ ಕಾವಲು ಕಾದಳು. ಕಿಟಕಿಯಿಂದ ಎಲ್ಲರ ಮುಖ ಕಾಣುವುದಿಲ್ಲವೆಂದು ಪಡಸಾಲೆಗೆ ಬಂದಳು, ಅಲ್ಲಿಂದ ಕಟ್ಟೆಗೆ. ಕಟ್ಟೆಯ ಮೇಲೆ ಕುಳಿತ ಹಿರಿಯ ಹೆಂಗಸನ್ನು ಮಾತಾಡಿಸದೆ ಮುಂದೆ ಹೋಗುವ ಹೆಣ್ಣುಮಕ್ಕಳು ಕಲಬುರಗಿಯಲ್ಲಿ ಇನ್ನೂ ಹುಟ್ಟಿಲ್ಲ. ಈ ಹಾದಿ ಯಾತಕ್ಕೆ ಎಂದು ಅವರು ಕೇಳಿದರು. ಮಗಳು ಬಾಣಂತನಕ್ಕೆ ಬರುತ್ತಾಳೆ ಎಂದು ಈಕೆ ಹೇಳಿದಳು. ಅಷ್ಟೇ ಸಾಕಾಯಿತು. ಆಮೇಲೆ ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಅದೇ ವಿಚಾರಣೆ. ಮಗಳು ಬಂದಳೇನ್ರಿ? ಯಾಕ ಇನ್ನಾ ಬಂದಿಲ್ಲ? ದಿನಾ ತುಂಬಿರಬೇಕಲ್ಲ? ಮನ್ಯಾಗ ಯಾರದಾರ? ನಾನೂ ಮಹಾನಂದಾಳೂ ಎಷ್ಟೋ ದಿನಗಳಿಂದ ಬಾಯಿಬಿಟ್ಟು ಕೇಳಲಾರದ ಪ್ರಶ್ನೆಯನ್ನು ಇಡೀ ಬೀದಿ ಕೊಡ ಹೊತ್ತುಕೊಂಡು ಬಂದು ಕೇಳತೊಡಗಿತು. ಮೊದಮೊದಲು ದೊಡ್ಡವ್ವ ಠೀವಿಯಿಂದ ಉತ್ತರಿಸುತ್ತಿದ್ದಳು. ಬರಬರುತ್ತ ಆಕೆಯ ಉತ್ತರಗಳು ಸಣ್ಣವಾದವು.

ಒಂದು ಮಧ್ಯಾಹ್ನ ಹುಸೇನಬಿ ಎಂಬಾಕೆ ಕೊಡ ಇಳಿಸಿ ಕಟ್ಟೆಯ ಕೆಳಗೆ ಕುಳಿತಳು. ಮುಂದಿನ ಬೀದಿಯವಳು, ದೊಡ್ಡವ್ವನದೇ ವಯಸ್ಸು. ದೊಡ್ಡವ್ವ ಅದೇನು ನೆನೆದಳೋ, ಯಾರಿಗೂ ಹೇಳದ ಮಾತನ್ನು ಆಕೆಗೆ ಹೇಳಿದಳು: “ಆಕಿ ಬರವಲ್ಲಳು, ತಂಗಿ. ನನ್ನೇ ಬಾ ಅಂತಾಳ. ನನಗ ಹೋಗಾಕ ಆಗವಲ್ಲದು. ಈ ಬಾಗಲಾ ದಾಟಬೇಕಂದ್ರ ಎದಿ ಹಾರತದ.”

ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದ ನಾನು ಅದನ್ನು ಮುಖಕ್ಕೆ ಅಡ್ಡ ಹಿಡಿದೆ.

ಹುಸೇನಬಿ ಗರಸಿನ ಮೇಲೆ ಬೆರಳಾಡಿಸಿದಳು. “ಆಗ ನೀವು ಅಂಜಿದ್ರಿ ಬಾಯಿ,” ಅಂದಳು. “ಆಮ್ಯಾಲ ನಾವು ಅಂಜಿದ್ವಿ. ಪೋಲೀಸ್ ಆಕ್ಷನ್ ಆದ್ ಮ್ಯಾಲ ನಾನೂ ಹಿಂಗೇ ಬಾಗಲಾ ಹಾಕ್ಕೊಂಡು ಕುಂತಿದ್ದೆ. ಕಿವಿ ಎಲ್ಲಾ ಬಾಗಲದಾಗೇ. ಮನ್ಯಾಗಿನ ನೀರು ಮುಗೀತು. ಸಣ್ಣ ಮೊಮ್ಮಗಳು ನೀರು ನೀರು ಅಂತ ಅಳಾಕತ್ತಿದ್ಲು. ಎದಿ ಹಾರತಾನೇ ಇತ್ತು ನೋಡ್ರಿ, ಹಂಗೇ ಕೊಡಾ ತಗೊಂಡು ಹೊಂಟೆ. ನಿಂದ್ರೂತನಾ ಕಾಯಬೇಕಂದ್ರ ಅದು ನಿಂದ್ರೋದೇ ಇಲ್ಲ.”

ದೊಡ್ಡವ್ವ ಒಳಗೆ ಹೋಗಿ ಎರಡು ಕೆಂಪು ಬಾಳೆಹಣ್ಣು ತಂದು ಆಕೆಯ ಸೆರಗಿಗೆ ಹಾಕಿದಳು. ಹುಸೇನಬಿ ಕೊಡ ಎತ್ತಿಕೊಂಡು ಗರಸಿನ ಮೇಲೆ ಭಾರವಾಗಿ ಹೆಜ್ಜೆಯಿಡುತ್ತ ಹೋದಳು. ನಾನು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದೆನೆಂದು ಆಮೇಲೆ ಮಹಾನಂದಾ ಹೇಳಿದಳು.

ಕಡೆಗೊಂದು ದಿನ ಇಮಾಮಸಾಬ ಗರಸಿನ ಮೇಲೆ ಹಾರೆ ಕುಟ್ಟಿ, ಅದು ಠಣ್ಣೆಂದು ಪುಟಿದದ್ದನ್ನು ನೋಡಿ, ಕಲ್ಲು ಕೂಡಿಸಲು ಅಪ್ಪಣೆ ಕೊಟ್ಟ. ದಾರ ಕಟ್ಟಿ, ಇಳುಕಲು ನೋಡಿ, ಅಜ್ಜನ ಕಾಲದ ಚೌಕಗಳನ್ನು ಸಾಲಿಗೆ ತಂದ. ಸಂದುಗಳಿಗೆ ಸುಣ್ಣದ ಗಾರೆ ತುಂಬಿದ. ಗಾರೆ ಆರುವ ತನಕ ನೀರಿನವರು ಮತ್ತೆ ಗೋಡೆ ಬಳಸಿ ಹೋಗಬೇಕಾಯಿತು. ಆ ದಿನಗಳಲ್ಲಿ ದೊಡ್ಡವ್ವ ಕಟ್ಟೆಯ ಮೇಲೆ ಒಬ್ಬಳೇ ಕುಳಿತು, ಬಾಗಿಲು ತೆರೆದಿದ್ದರೂ ಯಾರೂ ಬಾರದಿರುವುದನ್ನು ನೋಡುತ್ತಿದ್ದಳು. ಒಮ್ಮೆ ಮಹಾನಂದಾಳನ್ನು ಕರೆದು, “ಮನಿ ಬಣ ಬಣ ಅನ್ನಾಕತ್ತದ,” ಅಂದಳು.

ಹಾದಿ ಸಿದ್ಧವಾಯಿತೆಂದು ಕಮಲಾಪುರಕ್ಕೆ ಹೇಳಿ ಕಳಿಸಿದೆವು. ಶಿವರಾಯ ಬಂಡಿ ಕಟ್ಟಿಕೊಂಡು ಬಂದ. ಅದಕ್ಕೆ ಕಮಾನಿನ ಚಾಪೆ ಹೊದಿಸಿ, ಒಳಗೆ ಹುಲ್ಲಿನ ಮೇಲೆ ದಪ್ಪ ಕೌದಿ ಹಾಸಿದ್ದ. ಬಂಡಿ ಹೆಬ್ಬಾಗಿಲ ಹೊರಗೆ ಬೀದಿಯಲ್ಲೇ ನಿಂತಿತು; ಹೊಸ ಹಾಸಿನ ಮೇಲೆ ಹೊಡೆಯಲು ಅವನಿಗೆ ಸಂಕೋಚವಾಗಿರಬೇಕು. ದೊಡ್ಡವ್ವ ಆರತಿಯ ತಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ನಿಂತಿದ್ದಳು. ಶಿವರಾಯ ಒಬ್ಬನೇ ಇಳಿದು ಬಂದ.

“ಬರ್ಲಿಲ್ಲೇನು?” ಅಂದಳು ದೊಡ್ಡವ್ವ.

“ಈಗ ಬರೋಹಂಗೂ ಇಲ್ರಿ ಅತ್ತಿ. ಕಾಲು ಬಾತಾವ. ಸೂಲಗಿತ್ತಿ ಗಾಡ್ಯಾಗ ಕುಂದ್ರಬ್ಯಾಡ ಅಂದಾಳ.” ಅವನು ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. “ಆಕಿ ಏನೂ ಹೇಳಿಲ್ರಿ ಈ ಸಲ. ನಾ ಬರುವಾಗ ಅಳಾಕತ್ತಿದ್ಲು ಅಷ್ಟ.”

ಬೀದಿಯಲ್ಲಿ ನೀರಿನ ಹೆಣ್ಣುಮಕ್ಕಳು ಕೊಡ ಹೊತ್ತು ನಿಂತಿದ್ದರು. ಹಾದಿ ಇಂದಿನಿಂದ ತೆರೆಯುತ್ತದೆಂದು ಅವರಿಗೂ ಗೊತ್ತಾಗಿತ್ತು. ದೊಡ್ಡವ್ವ ಆರತಿಯ ತಟ್ಟೆಯನ್ನು ಮಹಾನಂದಾಳ ಕೈಗೆ ಕೊಟ್ಟು ಒಳಗೆ ಹೋದಳು. ಈಗ ಬಾಗಿಲು ಹಾಕಿಕೊಂಡು ಮಲಗುತ್ತಾಳೆ ಎಂದುಕೊಂಡೆ. ಇಷ್ಟೆಲ್ಲ ಗರಸು, ಇಷ್ಟೆಲ್ಲ ಕಾಲು ಯಾತಕ್ಕೆ ಬಂತು ಎಂದು ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಆಕೆ ಹೊರಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯ ಬುಟ್ಟಿಯಲ್ಲಿ ಬಾಣಂತಿಗೆಂದು ಕೂಡಿಟ್ಟ ಬೆಲ್ಲ, ಕೊಬ್ಬರಿ, ಅಳವಿ ಬೀಜ. ಮುಖದ ಮೇಲೆ ಬೆವರು. “ಗಾಡಿ ಒಳಗ ತರಬೇಕಪ್ಪ ಶಿವರಾಯಾ,” ಅಂದಳು. “ಅಲ್ಲೀತನಾ ನಡದ್ರ ನನ್ನ ಕಾಲು ತಿರುಗಿ ಬರ್ತಾವ. ಕಟ್ಟಿ ತನಕಾ ತಾ.”

ಶಿವರಾಯ ಬಂಡಿಯನ್ನು ಒಳಗೆ ತಂದು ತಿರುಗಿಸಿದ. ಮಹಾನಂದಾ ಆಕೆಯನ್ನು ಕೈಹಿಡಿದು ಹತ್ತಿಸಿದಳು. ಬಂಡಿಯೊಳಗೆ ಕುಳಿತ ದೊಡ್ಡವ್ವ ಕಣ್ಣುಮುಚ್ಚಿ, ಎರಡೂ ಕೈಯಿಂದ ಬುಟ್ಟಿಯನ್ನು ಅವುಚಿಕೊಂಡಿದ್ದಳು. ಮಗಳು ಒಳಗೆ ಬರಲೆಂದು ಮಾಡಿಸಿದ ದಾರಿಯ ಮೇಲೆ ಮೊದಲ ಸವಾರಿ ಹೊರಗೆ ಹೋಯಿತು. ಹೆಣ್ಣುಮಕ್ಕಳು ಎರಡೂ ಕಡೆ ಸರಿದು ಹಾದಿ ಬಿಟ್ಟರು. ಹುಸೇನಬಿ ತನ್ನ ಕೊಡದಿಂದ ಒಂದಿಷ್ಟು ನೀರನ್ನು ಎತ್ತುಗಳ ಕಾಲಿಗೆ ಚೆಲ್ಲಿದಳು. ಒಂದು ಕಲ್ಲೂ ಅಲುಗದೆ ಬಂಡಿ ಹೆಬ್ಬಾಗಿಲು ದಾಟಿದ್ದನ್ನು ಇಮಾಮಸಾಬನೂ ನಾನೂ ಹೆಮ್ಮೆಯಿಂದ ನೋಡಿದೆವು. ದೊಡ್ಡವ್ವನಿಗೆ ಅದು ತಿಳಿಯಲೇ ಇಲ್ಲ. ಹೊಸಿಲು ದಾಟಿದ್ದು ಗೊತ್ತಾಗದೆ, ಬೀದಿಯ ತಿರುವಿನ ತನಕವೂ ಆಕೆ ಕಣ್ಣು ಮುಚ್ಚಿಯೇ ಇದ್ದಳೆಂದು ಆಮೇಲೆ ಶಿವರಾಯ ಹೇಳಿದ. ಒಳ್ಳೆಯ ದಾರಿಯ ಲಕ್ಷಣ ಅದೇ ಇರಬೇಕು: ಅದರ ಮೇಲೆ ಹೋಗುವವರಿಗೆ ತಾವು ಹೋಗಬೇಕಾದಲ್ಲಿಯ ಚಿಂತೆಯೊಂದೇ ಉಳಿಯುತ್ತದೆ.

ಕಸ್ತೂರಿಗೆ ಹೆಣ್ಣುಕೂಸು ಹುಟ್ಟಿತು, ತಾಯಿ ಮಗು ಕ್ಷೇಮ ಎಂಬ ಸುದ್ದಿ ಬಂದ ಮೇಲೆ ನಾನೂ ಮಹಾನಂದಾಳೂ ಕಮಲಾಪುರಕ್ಕೆ ಹೋದೆವು. ದೊಡ್ಡವ್ವನನ್ನು ಯಾವಾಗ ಕರೆದುಕೊಂಡು ಬರಬೇಕೆಂದು ದಾರಿಯುದ್ದಕ್ಕೂ ಮಾತಾಡಿಕೊಂಡೆವು. ದೊಡ್ಡವ್ವ ಇಷ್ಟು ಕಾಲ ಕೀಲಿ ಹಾಕಿದ್ದ ಮನೆಯ ಅಂಗಳದಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಕೂಸನ್ನು ನೋಡಲು ಬಂದವರು, ನೋಡಿ ಹೊರಟವರು, ಹೊರಟು ನಿಂತು ಇನ್ನೂ ಮಾತಾಡುತ್ತಿರುವವರು. ಪಡಸಾಲೆಗೆ ಕಾಲಿಟ್ಟದ್ದೇ ನಾನು ಮುಗ್ಗರಿಸಿದೆ. ಮನೆ ಖಾಲಿ ಬಿದ್ದಿದ್ದಾಗ ಮಾಳಿಗೆ ಸೋರಿ ನೆಲದ ಹಾಸು ನಡುವೆ ಕುಸಿದಿತ್ತು. ಒಳಗಿನಿಂದ ಕಸ್ತೂರಿ ನಕ್ಕದ್ದು ಕೇಳಿಸಿತು.

ದೊಡ್ಡವ್ವ ಕೂಸನ್ನು ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟಳು. ಯೋಗಕ್ಷೇಮ ಏನೂ ಕೇಳಲಿಲ್ಲ.

“ಬಂದ್ಯಾ ತಮ್ಮಾ? ಛಲೋ ಆಯ್ತು. ಆ ಇಮಾಮಸಾಬಗ ಹೇಳಿ ಇಲ್ಲಿಗೆ ಕಳಸು,” ಅಂದಳು. “ಗರಸು ತರಿಸೀನಿ, ಹಿತ್ತಲದಾಗ ಬಿದ್ದದ. ತುಳ್ಯಾಕ ಮಂದಿ ಏನು ಕಮ್ಮಿ ಇಲ್ಲ, ನೋಡಾಕತ್ತೀದಿ. ಕೂಸು ತೆವಳಾಕ ಹತ್ತೂದ್ರಾಗ ಈ ನೆಲ ಸಮ ಆಗಬೇಕು.”